ನೀರೆಲ್ಲಾ ಹೊರಗೆ ಬಂತಾ?

ಪುಟ್ಟಿ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಸುಮಾರು ಒಂದು ವರ್ಷ, ನೋಡೋಕೆ ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು. "ಕುಡಿದಿದ್ದ ನೀರೆಲ್ಲಾ ಹೊರಗೆ ಬಂತಾ?" ಅಕ್ಕ ಮೊದಮೊದಲು ಕೂತು ವಿವರಿಸುತ್ತಿದ್ದಳು. ಶ್ವಾಸಕೋಶ, ಆಕ್ಸಿಜನ್, ಮಿದುಳು ಅಂತೆಲ್ಲ. ಆಮೇಲಾಮೇಲೆ "ಹೂಂ, ಬಂತು" ಅಂದು ಕಾಫಿ ಇಡಲು ಎದ್ದು ಹೋಗುತ್ತಿದ್ದಳು.

ಆಸ್ಪತ್ರೆಯಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಅಲ್ಲಿನ ಪ್ರಶ್ನೆ ಬೇರೆ. ಕ್ಯಾಜುವಾಲ್ಟಿಯ ಡಾಕ್ಟರ್ ಕೇಳಿದರು, ಐಸಿಯು ಡಾಕ್ಟರ್ ಕೇಳಿದರು, ಮಾರನೇ ದಿನ ಬಂದ ನರರೋಗದ ಡಾಕ್ಟರೂ ಅದನ್ನೇ ಕೇಳಿದರು. "ಮಗು ನೀರಲ್ಲಿ ಎಷ್ಟು ನಿಮಿಷ ಇತ್ತು?"

ನಾನು ಆ ಮಗುವಿನ ಚಿಕ್ಕಮ್ಮ. ಡಾಕ್ಟರಲ್ಲ, ನರ್ಸೂ ಅಲ್ಲ. ಬೆಂಗಳೂರಿನ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವವಳು. ಈ ಎರಡು ಪ್ರಶ್ನೆಗಳ ನಡುವೆ ಎಷ್ಟು ದೂರ ಇದೆ ಅಂತ ತಿಳಿಯೋಕೆ ನನಗೆ ಕೆಲವು ವರ್ಷಗಳೇ ಬೇಕಾದವು.

ನಡೆದದ್ದು ಅರಸೀಕೆರೆ ಕಡೆ, ಅಕ್ಕನ ಗಂಡನ ಮನೆಯ ತೋಟದಲ್ಲಿ. ಏಪ್ರಿಲ್ ತಿಂಗಳು. ತೋಟದ ಮೂಲೆಯಲ್ಲಿ ಒಂದು ಕೃಷಿ ಹೊಂಡ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಬಯಲುಸೀಮೆಯಲ್ಲಿ ಇಂಥ ಹೊಂಡಗಳು ಸಾವಿರಗಟ್ಟಲೆ ಆದವು. ನಾನು ಹೊಂಡವನ್ನು ಬೈಯುವುದಿಲ್ಲ. ಭಾವನ ತೆಂಗಿನ ಮರಗಳು ಬರಗಾಲ ದಾಟಿದ್ದೇ ಅದರ ನೀರಿನಿಂದ. ಆದರೆ ನೀರು ಇಂಗಬಾರದು ಅಂತ ಒಳಗೆಲ್ಲ ಪ್ಲಾಸ್ಟಿಕ್ ಹಾಸಿರುತ್ತಾರಲ್ಲ, ಅದರ ಮೇಲೆ ಪಾಚಿ ಕಟ್ಟಿತು ಅಂದರೆ ದೊಡ್ಡವರಿಗೂ ಹತ್ತಿ ಬರೋಕಾಗುವುದಿಲ್ಲ. ಕೆರೆಗೆ ದಡ ಇರುತ್ತದೆ, ಹಳೇ ಬಾವಿಗೆ ಮೆಟ್ಟಿಲು ಇರುತ್ತದೆ. ಇದಕ್ಕೆ ಬರೀ ಜಾರು.

ಪುಟ್ಟಿಗೆ ಆಗ ನಾಲ್ಕು ವರ್ಷ. ಅಕ್ಕ ಕುಕ್ಕರಿಗೆ ಬೇಳೆ ಇಟ್ಟಿದ್ದಳು. ಮೊದಲ ಸೀಟಿ ಕೂಗಿದಾಗ ಪುಟ್ಟಿ ಹಿತ್ತಲ ಬಾಗಿಲಲ್ಲಿ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಮೂರನೇ ಸೀಟಿಗೆ ಒಲೆ ಆರಿಸಿ ಬಂದರೆ ಬಾಗಿಲಲ್ಲಿ ಇಲ್ಲ. ಅಂಗಳದಲ್ಲಿ ಇಲ್ಲ, ಕೊಟ್ಟಿಗೆಯಲ್ಲಿ ಇಲ್ಲ. ಹೊಂಡದಲ್ಲಿ ಒಂದು ಚಪ್ಪಲಿ ತೇಲುತ್ತಿತ್ತು.

ಯಾರಿಗೂ ಒಂದು ಸದ್ದೂ ಕೇಳಿಸಿರಲಿಲ್ಲ. ಇದು ನನ್ನನ್ನು ತುಂಬಾ ದಿನ ಕಾಡಿತು. ಮನೆಯಿಂದ ಹೊಂಡಕ್ಕೆ ಕೂಗಳತೆ ದೂರವೂ ಇಲ್ಲ. ಆಮೇಲೆ ತಿಳಿಯಿತು, ಮುಳುಗುವ ಮಗು ಕೂಗುವುದಿಲ್ಲ. ಕೂಗೋಕೆ ಉಸಿರು ಬೇಕು, ಬಾಯಿ ನೀರಿನಿಂದ ಮೇಲೆ ಬರುವ ಅರೆಗಳಿಗೆ ಉಸಿರೆಳೆಯುವುದಕ್ಕೇ ಸಾಲದು. ಕೈ ಬೀಸಿ ಕರೆಯುವುದೂ ಇಲ್ಲ. ಕೈಗಳು ತಾವಾಗಿ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ಹೀಗೆ ಮೇಲೆ ಉಳಿಯುವುದು 20ರಿಂದ 60 ಸೆಕೆಂಡು ಅಂತ ಜೀವರಕ್ಷಕರ ಲೆಕ್ಕ. ಸಣ್ಣ ಮಕ್ಕಳಿಗೆ ಅಷ್ಟೂ ಸಿಗುವುದಿಲ್ಲ. ಸಿನಿಮಾದಲ್ಲಿ "ಕಾಪಾಡಿ ಕಾಪಾಡಿ" ಅಂತ ಕೂಗುವುದನ್ನು ನೋಡಿ ನೋಡಿ ನಾವು ಸದ್ದಿಗೆ ಕಾಯುತ್ತೇವೆ.

ಭಾವನ ತಮ್ಮ ಹಾರಿ ಪುಟ್ಟಿಯನ್ನು ಹಿಡಿದ. ಆದರೆ ಅವನಿಗೇ ಮೇಲೆ ಬರೋಕಾಗಲಿಲ್ಲ, ಕಾಲು ಜಾರುತ್ತಿತ್ತು. ಡ್ರಿಪ್ ಪೈಪು ಎಸೆದು ಇಬ್ಬರನ್ನೂ ಎಳೆದುಕೊಂಡರು. ಆ ಪೈಪು ಅಲ್ಲೇ ಬಿದ್ದಿರದಿದ್ದರೆ ಅಂತ ಯೋಚಿಸುವುದನ್ನು ನಾನು ಬಿಟ್ಟಿದ್ದೇನೆ. ಒಬ್ಬರು ಮುಳುಗಿ, ಕಾಪಾಡೋಕೆ ಹೋದ ಇನ್ನಿಬ್ಬರೂ ಹೋದರು ಅಂತ ಪೇಪರಿನಲ್ಲಿ ಎಷ್ಟು ಸಲ ಓದಿಲ್ಲ ನಾವು? ಸೀರೆಯೋ, ಹಗ್ಗವೋ, ಖಾಲಿ ಪ್ಲಾಸ್ಟಿಕ್ ಬಿಂದಿಗೆಯೋ, ಮೊದಲು ಏನಾದರೂ ಎಸೆಯಬೇಕು. ಹಾರುವುದು ಕೊನೆಗೆ.

ಮೇಲೆ ತಂದಾಗ ಪುಟ್ಟಿಗೆ ಉಸಿರಿರಲಿಲ್ಲ. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ತಾತ ಅವಳ ಎರಡೂ ಕಾಲು ಹಿಡಿದು ತಲೆಕೆಳಗೆ ಮಾಡಿ ಝಾಡಿಸಿದರು. ಇನ್ಯಾರೋ ಹೊಟ್ಟೆ ಒತ್ತಿದರು. ಒಂದಿಷ್ಟು ನೀರು ಬಂತು, ಬೆಳಿಗ್ಗೆ ತಿಂದಿದ್ದ ಉಪ್ಪಿಟ್ಟು ಬಂತು. "ಬಂತು ಬಂತು, ನೀರು ಬಂತು" ಅಂತ ಎಲ್ಲರೂ ಸಮಾಧಾನಪಟ್ಟರಂತೆ. ಉಸಿರು ಬಂದಿರಲಿಲ್ಲ.

ಆಗ ಪಕ್ಕದ ತೋಟದಲ್ಲಿ ಕಾಯಿ ಕೀಳುತ್ತಿದ್ದ ಹುಡುಗ ಗಲಾಟೆ ಕೇಳಿ ಓಡಿ ಬಂದ. ಅವನು ಅದಕ್ಕೂ ಮುಂಚೆ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ ಕೆಲಸಕ್ಕಿದ್ದವನು. ನೀರಿಗೆ ಕ್ಲೋರಿನ್ ಹಾಕುವುದು, ನೆಲ ಉಜ್ಜುವುದು. ಅಲ್ಲಿ ಯಾರೋ ಒಂದು ದಿನ ಒಂದು ಗೊಂಬೆ ತಂದು ಪಾಠ ಮಾಡಿ ಹೋಗಿದ್ದರಂತೆ. "ಎಲ್ಲಾ ಜರುಗ್ರಣ್ಣೋ, ಮಗೂನ ನೆಲದ್ ಮೇಲೆ ಮಲಗ್ಸಿ" ಅಂದ. ತಾತ ಕೊಡಲಿಲ್ಲ. ಅವನು ಕಿತ್ತುಕೊಂಡ. ಬಾಯಲ್ಲಿದ್ದ ಉಪ್ಪಿಟ್ಟನ್ನು ಬೆರಳಲ್ಲಿ ತೆಗೆದ. ತಲೆ ಸ್ವಲ್ಪ ಹಿಂದಕ್ಕೆ ಮಾಡಿ, ಗಲ್ಲ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿ ಇಟ್ಟು ಊದಿದ. ಎದೆ ಮೇಲೆ ಬಂತು. ಮತ್ತೆ ಊದಿದ. ಆಮೇಲೆ ಎದೆ ಒತ್ತತೊಡಗಿದ. "ಹಂಗ್ ಒತ್ತಬೇಡ್ವೋ, ಮೂಳೆ ಮುರೀತದೆ" ಅಂತ ಯಾರೋ ಅವನ ಭುಜ ಹಿಡಿದು ಎಳೆದರು. ಅವನು ತಿರುಗಿಯೂ ನೋಡಲಿಲ್ಲ ಅಂತ ಅಕ್ಕ ಹೇಳುತ್ತಾಳೆ. ಮೂರ್ನಾಲ್ಕು ಸುತ್ತು ಆಗಿರಬೇಕು. ಪುಟ್ಟಿ ಬಿಕ್ಕಿದ ಹಾಗೆ ಒಂದು ಉಸಿರು ಎಳೆದಳು. ಆಮೇಲೆ ಕೆಮ್ಮಿದಳು.

ಪಕ್ಕದ ಮನೆಯ ಓಮ್ನಿಯಲ್ಲಿ ಹೊರಟು, ದಾರಿಯಲ್ಲಿ 108 ಸಿಕ್ಕಿ, ಅದರಲ್ಲಿ ಆಕ್ಸಿಜನ್ ಹಾಕಿಕೊಂಡು ಊರಿನ ಆಸ್ಪತ್ರೆ, ಅಲ್ಲಿಂದ ದೊಡ್ಡ ಆಸ್ಪತ್ರೆ. ನಾನು ಬೆಂಗಳೂರಿನಿಂದ ಅಲ್ಲಿಗೆ ಮುಟ್ಟುವಷ್ಟರಲ್ಲಿ ಪುಟ್ಟಿ ವೆಂಟಿಲೇಟರಿನಲ್ಲಿದ್ದಳು. ಅಕ್ಕ ಗೋಡೆಗೊರಗಿ ಕೂತಿದ್ದಳು. ನನ್ನನ್ನು ನೋಡಿ ಅಳಲಿಲ್ಲ. "ಒಂದು ಸೀಟಿಗೂ ಇನ್ನೊಂದಕ್ಕೂ ಎಷ್ಟು ನಿಮಿಷ ಆಗತ್ತೆ ಕಣೇ?" ಅಂದಳು.

ತಾತನ ಮೇಲೆ ನನಗೆ ಆಗ ಸಿಟ್ಟಿತ್ತು. ಈಗಿಲ್ಲ. ಮುಳುಗಿದವರನ್ನು ನೋಡಿದಾಗ ಮನುಷ್ಯನಿಗೆ ಮೊದಲು ಹೊಳೆಯುವುದೇ ಅದು. ನೀರು ಒಳಗೆ ಹೋಗಿದೆ, ತೆಗೆಯಬೇಕು. ಲೋಕದಲ್ಲಿ ಎಲ್ಲರೂ ಹಾಗೇ ಮಾಡಿದ್ದಾರೆ. 1767ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ನೀರಿಗೆ ಬಿದ್ದವರನ್ನು ಬದುಕಿಸುವುದಕ್ಕೆಂದೇ ಒಂದು ಸಂಘ ಹುಟ್ಟಿತು. ಊರ ತುಂಬಾ ಕಾಲುವೆ, ದಿನಾ ಯಾರಾದರೂ ಬೀಳುವವರೇ. ಆ ಕಾಲದ ಯುರೋಪಿನಲ್ಲಿ ಮುಳುಗಿದವರನ್ನು ಪೀಪಾಯಿಯ ಮೇಲೆ ಬೋರಲು ಹಾಕಿ ಉರುಳಿಸುತ್ತಿದ್ದರು. ತಲೆಕೆಳಗೆ ನೇತುಹಾಕುತ್ತಿದ್ದರು. ಕುದುರೆಯ ಬೆನ್ನಿಗೆ ಅಡ್ಡ ಹಾಕಿ ಓಡಿಸುತ್ತಿದ್ದರು. ಗುದದ್ವಾರದಿಂದ ತಂಬಾಕಿನ ಹೊಗೆ ಊದುತ್ತಿದ್ದರು. ಇದಕ್ಕಂತಲೇ ಲಂಡನ್ನಿನ ಥೇಮ್ಸ್ ದಡದಲ್ಲಿ ತಿದಿಗಳನ್ನು ಇಟ್ಟಿದ್ದರಂತೆ! ನಮ್ಮ ತಾತ ಅಷ್ಟು ದೂರ ಹೋಗಲಿಲ್ಲ. ತಮಾಷೆ ಏನೆಂದರೆ ಬಾಯಿಂದ ಉಸಿರು ಊದುವುದೂ ಆ ಆಮ್‌ಸ್ಟರ್‌ಡ್ಯಾಮ್ ಸಂಘದ ಸಲಹೆಗಳಲ್ಲಿ ಇತ್ತು. ಸರಿಯಾದದ್ದು ಕೈಯಲ್ಲೇ ಇತ್ತು, ಮತ್ತೆ ಅದನ್ನು ಮರೆತು, ಇನ್ನೂರು ವರ್ಷ ಬಿಟ್ಟು ಹುಡುಕಿಕೊಂಡರು.

ಮಗುವಿನ ಜೀವ ತೆಗೆಯುವುದು ಹೊಟ್ಟೆಗೆ ಹೋದ ನೀರಲ್ಲ. ಶ್ವಾಸಕೋಶಕ್ಕೆ ಹೋಗುವುದು ನಾವು ಅಂದುಕೊಂಡದ್ದಕ್ಕಿಂತ ಕಮ್ಮಿ. ಅದೂ ಸಿಹಿನೀರಾದರೆ ಬೇಗನೆ ರಕ್ತಕ್ಕೆ ಇಳಿದುಹೋಗುತ್ತದೆ. ಝಾಡಿಸಿ ತೆಗೆಯೋಕೆ ಅಲ್ಲಿ ಏನೂ ಉಳಿದಿರುವುದಿಲ್ಲ. ಹೋಗುವಾಗ ಅದು ಮಾಡುವ ಹಾನಿ ಬೇರೆ. ಗಾಳಿಚೀಲಗಳು ಮುದುಡದಂತೆ ಒಳಗೆ ಸೋಪಿನಂಥ ಒಂದು ತೆಳು ಪದರ ಇರುತ್ತದೆ, ಅದನ್ನು ಕೆಡಿಸುತ್ತದೆ. ಚೀಲಗಳು ಒದ್ದೆ ಪ್ಲಾಸ್ಟಿಕ್ ಕವರಿನ ಹಾಗೆ ಅಂಟಿಕೊಳ್ಳುತ್ತವೆ. ಅವು ಬಿಚ್ಚಿಕೊಳ್ಳಬೇಕು ಅಂದರೆ ಗಾಳಿಯನ್ನು ಒತ್ತಿ ತುಂಬಬೇಕು. ಹೊಟ್ಟೆ ಒತ್ತಿದರೆ ಆಗುವುದು ಒಂದೇ, ತಿಂದದ್ದು ಗಂಟಲಿಗೆ ಬಂದು ಅದೂ ಶ್ವಾಸಕೋಶಕ್ಕೆ ಹೋಗುತ್ತದೆ. ಪುಟ್ಟಿಯ ಮೊದಲ ಎಕ್ಸ್‌ರೇ ಬೆಳ್ಳಗಿತ್ತು. ಅದರಲ್ಲಿ ಹೊಂಡದ ಪಾಲೆಷ್ಟು, ಉಪ್ಪಿಟ್ಟಿನ ಪಾಲೆಷ್ಟು ಅಂತ ಹೇಳೋಕಾಗಲ್ಲ ಅಂದರು ಡಾಕ್ಟರ್.

ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಮುಳುಗಿದಾಗ ಮೊದಲು ನಿಲ್ಲುವುದು ಉಸಿರು. ಹೃದಯ ಆಮೇಲೆ, ಆಕ್ಸಿಜನ್ ಇಲ್ಲದೆ ನಿಧಾನವಾಗುತ್ತಾ ನಿಲ್ಲುತ್ತದೆ. ಆ ನಡುವಿನ ಒಂದೆರಡು ನಿಮಿಷದಲ್ಲಿ ಯಾರಾದರೂ ಉಸಿರು ಕೊಟ್ಟರೆ ಎಷ್ಟೋ ಸಲ ಹೃದಯ ನಿಲ್ಲುವುದೇ ಇಲ್ಲ. ದೊಡ್ಡವರು ಹೃದಯದ ತೊಂದರೆಯಿಂದ ಕುಸಿದು ಬಿದ್ದಾಗ ಇದರ ಉಲ್ಟಾ. ಹೃದಯ ಗಕ್ಕನೆ ನಿಂತಿರುತ್ತದೆ, ರಕ್ತದಲ್ಲಿ ಆಕ್ಸಿಜನ್ ಇನ್ನೂ ಇರುತ್ತದೆ. ಅದಕ್ಕೇ "ಬರೀ ಎದೆ ಒತ್ತಿ, ಸಾಕು" ಅನ್ನುವ ವಿಡಿಯೋಗಳು. ಆ ವಿಡಿಯೋ ನೋಡಿ ಕಲಿತವರು ಹೊಂಡದ ದಡದಲ್ಲಿ ಬರೀ ಎದೆ ಒತ್ತಿದರೆ ಆಕ್ಸಿಜನ್ ಇಲ್ಲದ ರಕ್ತವನ್ನೇ ಸುತ್ತಿಸಿದ ಹಾಗಾಗುತ್ತದೆ. ಮುಳುಗಿದವರಿಗೆ ಮೊದಲು ಉಸಿರು. ಅಮೆರಿಕದವರು ಎರಡು ಅನ್ನುತ್ತಾರೆ, ಯುರೋಪಿನವರು ಐದು ಅನ್ನುತ್ತಾರೆ. ಎಣಿಕೆಗೆ ತಲೆ ಕೆಡಿಸಿಕೊಳ್ಳಬೇಡಿ, ಪ್ರತಿ ಸಲ ಎದೆ ಮೇಲೇಳುತ್ತಾ ಅಂತ ನೋಡಿ. ಆಮೇಲೆ 30 ಸಲ ಎದೆ ಒತ್ತುವುದು, 2 ಉಸಿರು, ಮತ್ತೆ 30. ನಿಮಿಷಕ್ಕೆ 100ರಿಂದ 120ರ ವೇಗ. ಎದೆಯ ದಪ್ಪದ ಮೂರರಲ್ಲಿ ಒಂದು ಪಾಲು ಕೆಳಗೆ ಹೋಗಬೇಕು. ಕೂಸಾದರೆ ಬಾಯಿ ಮೂಗು ಎರಡನ್ನೂ ನಮ್ಮ ಬಾಯಲ್ಲಿ ಮುಚ್ಚಿ ಊದುವುದು, ಎರಡೂ ಕೈಯಲ್ಲಿ ಎದೆಯನ್ನು ಬಳಸಿ ಹಿಡಿದು ಹೆಬ್ಬೆರಳುಗಳಲ್ಲಿ ಒತ್ತುವುದು. ನೊರೆ ಬರುತ್ತಿದ್ದರೆ ಒರೆಸುತ್ತಾ ಕೂರಬಾರದು, ಅದರ ಮೇಲೇ ಊದಬೇಕು. ವಾಂತಿ ಬಂದರೆ ಮಾತ್ರ ಪಕ್ಕಕ್ಕೆ ತಿರುಗಿಸಿ ತೆಗೆಯಬೇಕು. ಇದನ್ನೆಲ್ಲ ಓದಿದರೆ ಬರುವುದಿಲ್ಲ, ಗೊಂಬೆಯ ಮುಂದೆ ಮಂಡಿಯೂರಿ ಒಂದು ಸಲವಾದರೂ ಮಾಡಿರಬೇಕು.

ಈಗ ಉಪ್ಪಿನ ಮಾತು. 2022ರಲ್ಲಿ ಬಳ್ಳಾರಿ ತಾಲೂಕಿನ ಒಂದು ಹಳ್ಳಿಯಲ್ಲಿ ಮುಳುಗಿ ತೀರಿಕೊಂಡ ಹುಡುಗನ ದೇಹವನ್ನು ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿ ಹುದುಗಿಸಿ ಕಾದರು. ಮರುವರ್ಷ ಹಾವೇರಿ ಜಿಲ್ಲೆಯಲ್ಲೂ ಹಾಗೇ ಆಯಿತು. ಉಪ್ಪು ನೀರನ್ನೆಲ್ಲ ಎಳೆದುಕೊಳ್ಳುತ್ತದೆ, ಮಗು ಎದ್ದು ಕೂರುತ್ತದೆ ಅಂತ ಮೊಬೈಲಿನಲ್ಲಿ ಮೆಸೇಜು ಹರಿದಾಡುತ್ತಿತ್ತು. ಟಿವಿಯವರು ಅದನ್ನು "ಮೌಢ್ಯ" ಅಂತ ದೊಡ್ಡ ಅಕ್ಷರದಲ್ಲಿ ತೋರಿಸಿದರು. ನನಗೆ ನಗಲೂ ಆಗಲಿಲ್ಲ, ಬೈಯಲೂ ಆಗಲಿಲ್ಲ. ಐಸಿಯು ಹೊರಗೆ ಕೂತಿದ್ದ ಆ ರಾತ್ರಿ ಯಾರಾದರೂ ಬಂದು ಉಪ್ಪು ತನ್ನಿ ಅಂದಿದ್ದರೆ ನಾನು ಮೂಟೆ ಹೊತ್ತು ತರುತ್ತಿದ್ದೆನೋ ಏನೋ.

ಆ ನಂಬಿಕೆ ಎಲ್ಲಿಂದ ಬಂತು ಅನ್ನುವುದಕ್ಕೆ ನನ್ನದೇ ಒಂದು ಊಹೆ ಇದೆ. ನೀರಲ್ಲಿ ಬಿದ್ದು ಸತ್ತ ಹಾಗಿರುವ ನೊಣದ ಮೇಲೆ ಉಪ್ಪು ಸುರಿದರೆ ಸ್ವಲ್ಪ ಹೊತ್ತಿಗೆ ಅದು ಎದ್ದು ಹಾರಿ ಹೋಗುತ್ತದೆ. ಇದು ನಿಜ. ನೊಣಕ್ಕೆ ಮೂಗಿಲ್ಲ, ಶ್ವಾಸಕೋಶವೂ ಇಲ್ಲ. ಮೈಮೇಲಿನ ಸಣ್ಣ ಸಣ್ಣ ತೂತುಗಳಲ್ಲಿ ಅದು ಉಸಿರಾಡುತ್ತದೆ. ಆ ತೂತಿನ ನೀರನ್ನು ಉಪ್ಪು ಹೀರುತ್ತದೆ, ದಾರಿ ಬಿಡುತ್ತದೆ. ಅಷ್ಟು ಹೊತ್ತು ಕಾಯುವ ತಾಕತ್ತು ನೊಣದ ಮೈಗಿದೆ. ಮಗುವಿನ ಮಿದುಳಿಗೆ ಇಲ್ಲ. ಆಕ್ಸಿಜನ್ ಪೂರ್ತಿ ನಿಂತರೆ ನಾಲ್ಕೈದು ನಿಮಿಷಕ್ಕೇ ಅಲ್ಲಿ ಹಾನಿ ಶುರು. ಉಪ್ಪಿನ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಎಲ್ಲಾ ಮುಗಿದಿರುತ್ತದೆ.

ಇನ್ನೊಂದು ಬಗೆಯ ಮೆಸೇಜೂ ನಮಗೆ ಬರುತ್ತಿತ್ತು, ಒಳ್ಳೆಯ ಮನಸ್ಸಿನಿಂದ. "ಅಮೆರಿಕದಲ್ಲಿ ಒಂದು ಗಂಟೆ ನೀರಲ್ಲಿದ್ದ ಮಗು ಬದುಕಿತಂತೆ, ಧೈರ್ಯವಾಗಿರಿ." ಅದು ಸುಳ್ಳಲ್ಲ. 1986ರಲ್ಲಿ ಯೂಟಾ ರಾಜ್ಯದಲ್ಲಿ ಎರಡೂವರೆ ವರ್ಷದ ಮಗು ಹಿಮ ಕರಗಿದ ತೊರೆಯಲ್ಲಿ 66 ನಿಮಿಷ ಮುಳುಗಿದ್ದು ಬದುಕಿತು. ರಕ್ತವನ್ನು ಮೈಯಿಂದ ಹೊರತಂದು, ಯಂತ್ರದಲ್ಲಿ ಬಿಸಿ ಮಾಡಿ ಮತ್ತೆ ಒಳಗೆ ಬಿಟ್ಟರು. ಮೈಯ ಶಾಖ 19 ಡಿಗ್ರಿಗೆ ಇಳಿದಿತ್ತು. ಅದೇ ಅದನ್ನು ಉಳಿಸಿದ್ದು. ಆಕ್ಸಿಜನ್ ಮುಗಿಯುವ ಮೊದಲೇ ಮಿದುಳು ತಣ್ಣಗಾಗಿ, ಹಸಿವೇ ಇಲ್ಲದ ಹಾಗೆ ಮಲಗಿಬಿಟ್ಟಿತ್ತು. ಆದರೆ ತಣ್ಣೀರು ಇದ್ದ ಮಾತ್ರಕ್ಕೆ ಎಲ್ಲರಿಗೂ ಹಾಗಾಗುವುದಿಲ್ಲ. ನೆದರ್ಲ್ಯಾಂಡ್ಸಿನಲ್ಲಿ ಇಪ್ಪತ್ತು ವರ್ಷಗಳ ಲೆಕ್ಕ ತೆಗೆದು 2015ರಲ್ಲಿ ಪ್ರಕಟಿಸಿದರು. ಮುಳುಗಿ, ಹೃದಯ ನಿಂತು, ಮೈ ತಣ್ಣಗಾಗಿದ್ದ 160 ಮಕ್ಕಳು. ಅವರಲ್ಲಿ 98 ಮಕ್ಕಳಿಗೆ ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಎದೆ ಒತ್ತಬೇಕಾಯಿತು. ಆ 98ರಲ್ಲಿ ಬದುಕಿದ್ದು 11. ಆ ಹನ್ನೊಂದರಲ್ಲಿ ಒಂದು ಮಗುವೂ ಮೊದಲಿನಂತೆ ಆಗಲಿಲ್ಲ. ಇನ್ನು ಅರಸೀಕೆರೆಯ ಏಪ್ರಿಲ್ ಬಿಸಿಲಿಗೆ ಪ್ಲಾಸ್ಟಿಕ್ ಹಾಸಿನ ಹೊಂಡದ ನೀರು ಎಷ್ಟು ತಣ್ಣಗಿರುತ್ತೆ ಹೇಳಿ.

ಅದಕ್ಕೇ ಡಾಕ್ಟರುಗಳು ನಿಮಿಷ ಕೇಳುವುದು. ಐದು ನಿಮಿಷದ ಒಳಗಾದರೆ ಒಳ್ಳೆಯ ಭರವಸೆ. ಹತ್ತು ದಾಟಿದರೆ ಭರವಸೆ ಬೇಗ ಬೇಗ ಇಳಿಯುತ್ತದೆ. ಅಕ್ಕನ ಹತ್ತಿರ ಇದ್ದ ಗಡಿಯಾರ ಎರಡು ಸೀಟಿ ಮಾತ್ರ.

ಪುಟ್ಟಿಯ ಎಕ್ಸ್‌ರೇ ನಾಲ್ಕನೇ ದಿನಕ್ಕೆ ತಿಳಿಯಾಯಿತು. ಶ್ವಾಸಕೋಶ ಬೇಗ ಸುಧಾರಿಸಿಕೊಳ್ಳುತ್ತದೆ, ನಾವು ಕಾಯಬೇಕಾದದ್ದು ಮಿದುಳಿಗೆ ಅಂದರು. ಜ್ವರ ಬರದ ಹಾಗೆ ನೋಡಿಕೊಂಡರು, ಫಿಟ್ಸ್ ಬರದ ಹಾಗೆ ನೋಡಿಕೊಂಡರು. ನಿದ್ದೆಯ ಔಷಧಿ ನಿಲ್ಲಿಸಿದ ಮೇಲೆ ಅವಳು ಕಣ್ಣು ಬಿಟ್ಟಳು. ನಾವು ಕುಣಿದಾಡಿದೆವು. ಡಾಕ್ಟರ್ ಕುಣಿಯಲಿಲ್ಲ. ಕಣ್ಣು ತೆರೆದಿತ್ತು, ಅಕ್ಕನ ಮುಖದ ಮೇಲೆ ನಿಲ್ಲುತ್ತಿರಲಿಲ್ಲ. ಫ್ಯಾನಿನ ಮೇಲೂ ನಿಲ್ಲುತ್ತಿರಲಿಲ್ಲ. ಐದನೇ ದಿನ ಬೆಳಿಗ್ಗೆ ಮೂಗಿನಲ್ಲಿದ್ದ ನಳಿಗೆಯನ್ನು ಕೈ ಎತ್ತಿ ಸರಿಯಾಗಿ ಹಿಡಿದು ಕಿತ್ತು ಎಸೆದಳು. ನರ್ಸು ಗದರಿದರು. ಡಾಕ್ಟರ್ ಬಂದು ನೋಡಿ, ನಾವು ಅವರನ್ನು ಕಂಡಂದಿನಿಂದ ಮೊದಲ ಸಲ ನಕ್ಕರು. "ಬೇಡ ಅಂತ ಕಿತ್ತಳಲ್ಲಮ್ಮ, ನನಗೆ ಅದೇ ಬೇಕಿತ್ತು" ಅಂದರು.

ಪಕ್ಕದ ಬೆಡ್ಡಿನಲ್ಲಿ ಏಳು ವರ್ಷದ ಒಬ್ಬ ಹುಡುಗ ಇದ್ದ. ಕೆರೆಯಲ್ಲಿ ಮುಳುಗಿದ್ದವನು. ಹುಡುಕಿ ತೆಗೆಯಲು ಕಾಲು ಗಂಟೆ ಆಗಿತ್ತಂತೆ. ಯಾರೋ ಪುಣ್ಯಾತ್ಮರು ಆಂಬ್ಯುಲೆನ್ಸಿನಲ್ಲಿ ಹೃದಯ ಮತ್ತೆ ನಡೆಸಿದ್ದರು. ಅವನೂ ಕಣ್ಣು ಬಿಟ್ಟ. ಅವನ ಅಪ್ಪ ದಿನಾ ನನ್ನನ್ನು ಕೇಳುತ್ತಿದ್ದರು, "ಕಣ್ಣು ಬಿಟ್ಟವ್ನಲ್ಲ ಮೇಡಂ, ಹುಷಾರಾದ ಅಂತ ಅಲ್ವಾ?" ಹುಡುಗನ ಕೈಕಾಲು ಸೆಟೆದುಕೊಳ್ಳುತ್ತಿದ್ದವು. ಇದ್ದಕ್ಕಿದ್ದಂತೆ ಮೈಯೆಲ್ಲ ಬೆವೆತು, ಎದೆ ಬಡಿತ ಏರಿ, ಹತ್ತು ನಿಮಿಷ ಬಿಟ್ಟು ಇಳಿಯುತ್ತಿತ್ತು. ಕಣ್ಣು ಬಿಡುವುದು ಬೇರೆ, ಎಚ್ಚರವಾಗುವುದು ಬೇರೆ. ಇದನ್ನು ಆ ಅಪ್ಪನಿಗೆ ಹೇಳುವವರು ಯಾರು? ನಾನಂತೂ ಹೇಳಲಿಲ್ಲ.

ಅವರು ಒಂದು ಸಂಜೆ ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಾ ಇನ್ನೊಂದು ಮಾತು ಕೇಳಿದರು. "ಅವತ್ತು ಎಬ್ಬಿಸಿದ್ದೇ ತಪ್ಪಾಯ್ತಾ?" ನನಗೆ ಗಂಟಲು ಕಟ್ಟಿತು. ಈಗ ಕೇಳಿದರೂ ನನ್ನ ಹತ್ತಿರ ಉತ್ತರ ಇಲ್ಲ. ದಡದಲ್ಲಿ ನಿಂತವರಿಗೆ ಮುಂದಿನದು ಗೊತ್ತಿರುವುದಿಲ್ಲ, ಊದಲೇಬೇಕು. ಹುಡುಗ ಮೂಗಿನ ನಳಿಗೆಯೊಂದಿಗೆ ಮನೆಗೆ ಹೋದ. ಕಫ ತೆಗೆಯುವ ಯಂತ್ರ ನಡೆಸುವುದನ್ನು ಅವನ ಅಮ್ಮ ಕಲಿತುಕೊಂಡರು. ಎರಡು ವರ್ಷದ ಮೇಲೆ ಒಂದು ದಿನ ಆ ಅಮ್ಮ ಫೋನು ಮಾಡಿದ್ದರು. ಅಜ್ಜಿಯ ದನಿ ಕೇಳಿದರೆ ಮಾತ್ರ ನಗುತ್ತಾನೆ, ಬೇರೆ ಯಾರು ಮಾತಾಡಿಸಿದರೂ ಇಲ್ಲ ಅಂದರು. ಅದನ್ನು ಹೇಳುವಾಗ ಅವರ ದನಿಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು ಅನ್ನಿಸಿತು.

ಪೇಪರಿನವರಿಗೆ ಇಂಥ ಮಕ್ಕಳಿಗೆ ಪದ ಇಲ್ಲ. ಸತ್ತರೆ "ನೀರುಪಾಲು", ಬದುಕಿದರೆ "ಪಾರು". ಡಾಕ್ಟರುಗಳ ಲೋಕದಲ್ಲೂ ಬಹಳ ದಿನ ಹೀಗೇ ಇತ್ತು, ಸತ್ತವರಿಗೆ ಒಂದು ಪದ, ಬದುಕಿದವರಿಗೆ "ಮುಳುಗುವುದರಲ್ಲಿದ್ದ" ಅನ್ನುವಂಥ ಇನ್ನೊಂದು. 2002ರಲ್ಲಿ, ಅದೇ ಆಮ್‌ಸ್ಟರ್‌ಡ್ಯಾಮಿನಲ್ಲಿ, ಜಗತ್ತಿನ ತಜ್ಞರು ಸೇರಿ ಅದನ್ನು ಬಿಟ್ಟರು. ನೀರಿನಿಂದ ಉಸಿರಿಗೆ ತೊಂದರೆ ಆಯಿತೋ, ಅದು ಮುಳುಗುವಿಕೆ. ಅದರ ಕೊನೆ ಮೂರು ಬಗೆ: ಸಾವು, ಹಾನಿಯೊಂದಿಗೆ ಬದುಕು, ಹಾನಿಯಿಲ್ಲದೆ ಬದುಕು. ಪುಟ್ಟಿಯ ವಿಷಯ ನಮ್ಮ ಕಡೆಯ ಪತ್ರಿಕೆಯಲ್ಲಿ "ಪವಾಡ ಸದೃಶ ಪಾರು" ಅಂತ ಬಂತು. ನನಗೆ ಮೈ ಉರಿಯಿತು. ಕಾಯಿ ಕೀಳುವ ಹುಡುಗನ ಹೆಸರೇ ಅದರಲ್ಲಿರಲಿಲ್ಲ.

ಅವನು ಕಲಿತ ಗೊಂಬೆಯನ್ನು ನಾನೂ ಆಮೇಲೆ ನೋಡಿದೆ. ನಮ್ಮ ಆಫೀಸಿನಲ್ಲಿ ಅರ್ಧ ದಿನದ ತರಬೇತಿ ಇಟ್ಟಿದ್ದರು. ನೆಲದ ಮೇಲೆ ಮಲಗಿಸಿದ್ದ ಗೊಂಬೆಗೆ ತುಂಬಾ ಶಾಂತವಾದ ಒಂದು ಹುಡುಗಿಯ ಮುಖ. ಅದರ ಕತೆ ಹುಡುಕಿ ಓದಿದೆ. ಆಸ್ಮಂಡ್ ಲೇರ್ಡಾಲ್ ಅಂತ, ನಾರ್ವೆಯ ಸ್ಟಾವಾಂಗರ್ ಊರಿನ ಆಟಿಕೆ ತಯಾರಕರು. ಮಕ್ಕಳಿಗೆ ಮೆತ್ತನೆ ಪ್ಲಾಸ್ಟಿಕ್ಕಿನ ಗೊಂಬೆ, ಪುಟ್ಟ ಕಾರು ಮಾಡುತ್ತಿದ್ದವರು. 1950ರ ದಶಕದಲ್ಲಿ ಅವರ ಎರಡು ವರ್ಷದ ಮಗ ನೀರಿಗೆ ಬಿದ್ದು ಉಸಿರಿಲ್ಲದೆ ಸಿಕ್ಕ. ಅಪ್ಪನೇ ಎತ್ತಿ ಉಳಿಸಿಕೊಂಡರು. ಕೆಲವು ವರ್ಷಗಳಲ್ಲಿ, ಬಾಯಿಯಿಂದ ಉಸಿರು ಕೊಡುವುದನ್ನು ಜನಕ್ಕೆ ಕಲಿಸಲು ಒಂದು ಗೊಂಬೆ ಬೇಕು ಅಂತ ಡಾಕ್ಟರುಗಳು ಕೇಳಿದಾಗ ಅವರು ಮಾಡಿಕೊಟ್ಟರು. 1960ರಲ್ಲಿ ಬಂದ ಆ ಗೊಂಬೆಗೆ ಅವರು ಕೊಟ್ಟದ್ದು ಪ್ಯಾರಿಸ್ಸಿನ ಒಂದು ಹಳೆಯ ಮುಖವಾಡದ ಮುಖ. ಸೇನ್ ನದಿಯಲ್ಲಿ ಮುಳುಗಿ ಸತ್ತ ಅನಾಮಿಕ ಹುಡುಗಿಯದು ಅಂತ ಅದಕ್ಕೊಂದು ಕತೆ ಇದೆ.

ಆ ಡಾಕ್ಟರುಗಳಲ್ಲಿ ಮುಖ್ಯರು ಪೀಟರ್ ಸಾಫರ್, ಆಸ್ಟ್ರಿಯಾದಿಂದ ಅಮೆರಿಕಕ್ಕೆ ಹೋದವರು. ಬಾಯಿಂದ ಉಸಿರು ಕೊಡುವುದು ಬೇರೆ ಎಲ್ಲಾ ವಿಧಾನಕ್ಕಿಂತ ಮೇಲು ಅಂತ ತೋರಿಸಿಕೊಟ್ಟವರಲ್ಲಿ ಒಬ್ಬರು. 1966ರಲ್ಲಿ ಅವರ ಸ್ವಂತ ಮಗಳಿಗೆ ಆಸ್ತಮಾ ಜೋರಾಗಿ ಉಸಿರು ನಿಂತಿತು. ಹೃದಯ, ಶ್ವಾಸಕೋಶ ಎರಡನ್ನೂ ಮತ್ತೆ ನಡೆಸಿದರು. ಮಿದುಳು ಬರಲಿಲ್ಲ, ಮಗು ಉಳಿಯಲಿಲ್ಲ. ಅವರು ಉಳಿದ ಜೀವಮಾನವನ್ನು ಹೃದಯ ಬಂದ ಮೇಲೆ ಮಿದುಳನ್ನು ಉಳಿಸುವುದು ಹೇಗೆ ಅನ್ನುವುದಕ್ಕೆ ಕೊಟ್ಟರು. ಇದನ್ನು ಓದಿದಾಗ ನನಗೆ ನೆನಪಾದದ್ದು ಪಕ್ಕದ ಬೆಡ್ಡಿನ ಹುಡುಗ.

ಪುಟ್ಟಿ ಹದಿನಾರನೇ ದಿನ ಮನೆಗೆ ಬಂದಳು. ಹಾಡು, ಆರತಿ ಎಲ್ಲಾ ಆಯಿತು. ಆರತಿ ತಟ್ಟೆ ನೋಡಿ ಕಿರುಚಿದಳು. ಚಮಚ ಹಿಡಿದರೆ ಕೈ ನಡುಗುತ್ತಿತ್ತು. ನಡೆದರೆ ವಾಲುತ್ತಿದ್ದಳು. "ಲೋಟ" ಅನ್ನುವ ಪದ ಸಿಗದೆ "ಅದು, ಅದು" ಅಂತ ಸಿಟ್ಟಾಗಿ ನೆಲಕ್ಕೆ ಹಣೆ ಬಡಿಯುತ್ತಿದ್ದಳು. ಸ್ನಾನಕ್ಕೆ ತಲೆ ಮೇಲೆ ಒಂದು ಚೊಂಬು ನೀರು ಹಾಕುವಂತಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಎಂಟು ತಿಂಗಳು ಕಳೆದಳು ಅಕ್ಕ. ಫಿಸಿಯೋಥೆರಪಿಯವರು ಬೆರಳಿಗೆ ಕೆಲಸ ಕೊಡಿ ಅಂದಿದ್ದರು. ಅಂಗಡಿಯಿಂದ ಬಣ್ಣದ ಮಣಿಗಳ ಆಟಿಕೆ ತಂದುಕೊಟ್ಟೆ, ಮುಟ್ಟಲಿಲ್ಲ. ಅವರೆಕಾಯಿ ಕಾಲ ಬಂದಾಗ ಅಜ್ಜಿ ಒಂದು ಮೊರ ಕಾಯಿ ಮುಂದೆ ಇಟ್ಟುಕೊಂಡು ಸುಮ್ನೆ ಸುಲಿಯುತ್ತಾ ಕೂತರು. ಪುಟ್ಟಿ ಬಂದು ಪಕ್ಕದಲ್ಲಿ ಕೂತಳು. ಮೊದಲ ದಿನ ಸಂಜೆಯವರೆಗೆ ಏಳೆಂಟು ಕಾಯಿ. ಹಿತಕಿದ ಬೇಳೆ ಮಾಡುವ ದಿನ ನೆನೆದ ಕಾಳನ್ನು ಹಿತುಕುತ್ತಾ, ಅದು ಪುಳಕ್ಕನೆ ಹಾರಿದ್ದಕ್ಕೆ ನಕ್ಕಳಂತೆ. ಅಕ್ಕ ಆ ನಗುವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ನನಗೆ ಕಳಿಸಿದ್ದಳು.

ಓಡಾಟ ಸರಿಯಾಯಿತು, ಮಾತು ಬಂತು. ಎಲ್ಲರೂ ಮುಗಿಯಿತು ಅಂದುಕೊಂಡರು. ಶಾಲೆ ಶುರುವಾದ ಮೇಲೆ ಇನ್ನೊಂದು ಮುಖ ಕಂಡಿತು. ಕತೆ ಹೇಳುತ್ತಾಳೆ, ಚಿತ್ರ ಬರೆಯುತ್ತಾಳೆ. ಮಗ್ಗಿ ನಿಲ್ಲುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಸೋತು ಹೋಗುತ್ತಾಳೆ. ಎರಡು ಕೆಲಸ ಒಟ್ಟಿಗೆ ಹೇಳಿದರೆ ಒಂದು ಮರೆಯುತ್ತಾಳೆ. ಟೀಚರು ಡೈರಿಯಲ್ಲಿ "ಸೋಮಾರಿತನ" ಅಂತ ಬರೆದು ಕಳಿಸಿದರು. ಆ ಪುಟ್ಟ ಮಿದುಳಿನಿಂದ ನಾವು ಜಾಸ್ತಿ ಕೇಳತೊಡಗಿದಾಗಲೇ ಎಲ್ಲಿ ಪೆಟ್ಟಾಗಿತ್ತು ಅಂತ ಗೊತ್ತಾಗುವುದು. ಡಾಕ್ಟರ್ ಇದನ್ನು ಮೊದಲೇ ಹೇಳಿದ್ದರು, ಖುಷಿಯಲ್ಲಿ ನಾವು ಕೇಳಿಸಿಕೊಂಡಿರಲಿಲ್ಲ.

ಇನ್ನು ಊರಿನವರ ಇನ್ನೊಂದು ಪ್ರಶ್ನೆ. ಅದನ್ನು ಅಕ್ಕನ ಎದುರಿಗೆ ಕೇಳುತ್ತಿರಲಿಲ್ಲ. "ತಾಯಿ ಏನು ಮಾಡ್ತಿದ್ಳು?" ಬೇಳೆ ಬೇಯಿಸುತ್ತಿದ್ದಳು. ಬಾಂಗ್ಲಾದೇಶದಲ್ಲಿ ಈ ಪ್ರಶ್ನೆಯನ್ನು ಬೈಗುಳವಾಗಿ ಅಲ್ಲದೆ ನಿಜವಾಗಿ ಕೇಳಿ ನೋಡಿದರು. ಸಣ್ಣ ಮಕ್ಕಳು ಮುಳುಗುವುದು ಹೆಚ್ಚಾಗಿ ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರ ಒಳಗೆ, ಮನೆಯ ಹತ್ತಿರವೇ, ಅಮ್ಮಂದಿರು ಅಡುಗೆ, ಬಟ್ಟೆ, ದನದ ಕೆಲಸದಲ್ಲಿ ಮುಳುಗಿರುವಾಗ. ಅದಕ್ಕೆ ಊರಲ್ಲೇ ಆ ಹೊತ್ತಿಗೆ ಮಕ್ಕಳನ್ನು ನೋಡಿಕೊಳ್ಳುವ ಜಾಗ ಮಾಡಿದರು, 'ಆಂಚಲ್' ಅಂತ ಹೆಸರಿಟ್ಟು. ಸೆರಗು ಅಂತ ಅರ್ಥ. ಮುಳುಗಿ ಸಾಯುವ ಮಕ್ಕಳ ಸಂಖ್ಯೆ ಇಳಿಯಿತು. ನಮ್ಮಲ್ಲೂ 2023ರಲ್ಲಿ ನರೇಗಾ ಕೆಲಸಕ್ಕೆ ಹೋಗುವವರ ಮಕ್ಕಳಿಗೆ ಅಂತ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಶುರುವಾಯಿತು. ಅದರ ಬಗ್ಗೆ ಮಾತಾಡುವಾಗ ಹಾಲು, ಮೊಟ್ಟೆ, ತೂಕದ ವಿಷಯ ಬರುತ್ತದೆ. ನೀರಿನ ವಿಷಯ ಯಾರೂ ಎತ್ತಿದ್ದನ್ನು ನಾನು ಕೇಳಿಲ್ಲ.

ಹೊಂಡಕ್ಕೆ ಈಗ ತಂತಿ ಬೇಲಿ ಇದೆ. ಯೋಜನೆಯಲ್ಲೇ ಬೇಲಿಗೂ ದುಡ್ಡು ಸೇರಿಸಿದ್ದಾರೆ, ನಮ್ಮ ಭಾವ ಅದಕ್ಕೆ ಕಾಯದೆ ಆ ವಾರವೇ ಹಾಕಿಸಿದ್ದರು. ಒಳಗೆ ನಾಲ್ಕು ಮೂಲೆಗೂ ಗಂಟು ಹಾಕಿದ ಹಗ್ಗ ಇಳಿಬಿಟ್ಟಿದ್ದಾರೆ. ಕಾಯಿ ಕೀಳುವ ಹುಡುಗನಿಗೆ ಪ್ರತಿ ಯುಗಾದಿಗೆ ಬಟ್ಟೆ ಕೊಡುತ್ತಾರೆ. ತಾತ ಅವನನ್ನು ಕಂಡರೆ ಮಾತಾಡುವುದಿಲ್ಲ, ಎದ್ದು ನಿಲ್ಲುತ್ತಾರೆ. ಅಕ್ಕ ಕುಕ್ಕರನ್ನು ಅಟ್ಟಕ್ಕೆ ಹಾಕಿದ್ದಾಳೆ, ಬೇಳೆ ಈಗ ಪಾತ್ರೆಯಲ್ಲೇ ಬೇಯುತ್ತದೆ.

ಕಳೆದ ಬೇಸಿಗೆಯಲ್ಲಿ ಪುಟ್ಟಿ ನನ್ನ ಮನೆಗೆ ಬಂದಿದ್ದಳು. ನೀರಿಗೆ ಇಳಿಯುತ್ತೀನಿ ಅಂತ ಅವಳೇ ಕೇಳಿದಳು. ನಾನು ಅಕ್ಕನ ಮುಖ ನೋಡಿದೆ. ಬೇಡ ಅನ್ನುತ್ತಾಳೆ ಅಂದುಕೊಂಡಿದ್ದೆ, ಅನ್ನಲಿಲ್ಲ. ಹತ್ತಿರದ ಈಜುಕೊಳಕ್ಕೆ ಕರೆದುಕೊಂಡು ಹೋದೆವು. ಸೊಂಟದಷ್ಟು ನೀರು, ಕಲಿಸುವವರು ಪಕ್ಕದಲ್ಲೇ ಇದ್ದರು. ಮೂರನೇ ದಿನ ತಲೆ ಮುಳುಗಿಸಿ ಉಸಿರು ಹಿಡಿಯುವುದನ್ನು ಹೇಳಿಕೊಟ್ಟರು. ಪುಟ್ಟಿ ಮೂಗು ಹಿಡಿದುಕೊಂಡಳು, ನಮ್ಮ ಕಡೆ ಒಂದು ಸಲ ನೋಡಿದಳು, ಒಳಗೆ ಹೋದಳು.

ಅಕ್ಕ ಟವಲನ್ನು ಎದೆಗೆ ಒತ್ತಿಕೊಂಡು ನನ್ನ ಪಕ್ಕದಲ್ಲಿ ಕೂತಿದ್ದಳು. ಅವಳಿಗೇ ಗೊತ್ತಿಲ್ಲದೆ ತುಟಿ ಅಲುಗುತ್ತಿತ್ತು. ಬಗ್ಗಿ ಕೇಳಿಸಿಕೊಂಡೆ. ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸುತ್ತಿದ್ದಳು.